ಗುಳೆ ಹೋದವರ ವಿಳಾಸ

ಶೇಂಗಾ ಕಿತ್ತು, ಬಳ್ಳಿಯ ಬಣವೆ ಒಟ್ಟಿ, ಅಂಗಡಿಯ ಬಾಕಿಯಲ್ಲಿ ಒಂದಿಷ್ಟು ತೀರಿಸಿದ ಮೇಲೆ ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಹಳ್ಳಿಗಳಲ್ಲಿ ಮನೆಗಳಿಗೆ ಬೀಗ ಬೀಳಲು ಶುರುವಾಗುತ್ತದೆ. ಮಳೆ ಕೈಕೊಟ್ಟ ವರ್ಷ ದೀಪಾವಳಿಗೂ ಮೊದಲೇ ಬೀಳುತ್ತದೆ. ಗಂಡ ಹೆಂಡತಿ ಬೆಂಗಳೂರಿನ ಗಾರೆ ಕೆಲಸಕ್ಕೋ ಮಲೆನಾಡಿನ ಕಾಫಿ ತೋಟಕ್ಕೋ ಹೊರಡುತ್ತಾರೆ. ವಯಸ್ಸಾದವರು, ಶಾಲೆಯ ಮಕ್ಕಳು, ನಾಲ್ಕು ಕುರಿ ಊರಲ್ಲಿ ಉಳಿಯುತ್ತವೆ. ಎಲ್ಲರೂ ಹೊರಟರೆ ಬೀಗದ ಕೈ ಪಕ್ಕದ ಮನೆಯ ಗೂಡು ಸೇರುತ್ತದೆ. ಗುಳೆ ಎಂಬ ಈ ಪದಕ್ಕೆ ಇಲ್ಲಿ ವಿವರಣೆ ಬೇಕಿಲ್ಲ. ವಿವರಣೆ ಬೇಕಾಗುವುದು ಕೈಯಲ್ಲಿ ಪಟ್ಟಿ ಹಿಡಿದ ಸರ್ಕಾರಿ ನೌಕರರೊಬ್ಬರು ಬೀಗದ ಮುಂದೆ ನಿಂತಾಗ. "ಅವ್ರು ಊರಾಗಿಲ್ಲ, ದುಡಿಯಾಕೆ ಹೋಗ್ಯಾರೆ" ಎಂದು ನೆರೆಮನೆಯವರು ಹೇಳುತ್ತಾರೆ. ಅದು ನಿಜವಾದ ಮಾತು. ಆದರೆ ಪಟ್ಟಿಯಲ್ಲಿ ಬರೆಯುವಾಗ ಆ ಮಾತಿನ ಮೊದಲ ಅರ್ಧ ಉಳಿದು ಎರಡನೆಯ ಅರ್ಧ ಬಿದ್ದುಹೋದರೆ, ಒಂದು ಸಂಸಾರ ತನ್ನ ಊರಿನ ನಿವಾಸಿ ಎಂಬ ಸ್ಥಾನವನ್ನೇ ಕಳೆದುಕೊಳ್ಳಬಹುದು. ಬಿಹಾರದಲ್ಲಿ 2025ರಲ್ಲಿ ನಡೆದ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ ಕರಡು ಪಟ್ಟಿಯಿಂದ ಹೊರಗುಳಿದ ಹೆಸರು ಸುಮಾರು 65 ಲಕ್ಷ. ಅದರಲ್ಲಿ 22 ಲಕ್ಷ ಸತ್ತವರು, 7 ಲಕ್ಷ ಒಂದಕ್ಕಿಂತ ಹೆಚ್ಚು ಕಡೆ ಹೆಸರಿದ್ದವರು, ಮಿಕ್ಕ ಸುಮಾರು 36 ಲಕ್ಷ ಕಾಯಂ ಆಗಿ ಬೇರೆಡೆ ಹೋದವರು ಅಥವಾ ಸಿಗದವರು ಎಂದು ಲೆಕ್ಕ ಕೊಡಲಾಯಿತು. ನನ್ನನ್ನು ಕಾಡಿದ್ದು ಆ 'ಅಥವಾ'. ಹೋಗಿಯೇಬಿಟ್ಟವರು ಮತ್ತು ಆ ದಿನ ಬಾಗಿಲಲ್ಲಿ ಸಿಗದವರು ಒಂದೇ ಸಾಲಿನಲ್ಲಿ ಸೇರಿಬಿಟ್ಟಿದ್ದರು. ಗುಳೆ ಹೋಗುವ ಸೀಮೆಯವರು ಆ ಸಾಲನ್ನು ಎಚ್ಚರದಿಂದ ಓದಬೇಕು.

ಈ ಪರಿಷ್ಕರಣೆಯ ಬಗ್ಗೆ ಮಾತಾಡುವಾಗ ವಿದ್ಯಾವಂತರಲ್ಲೇ ಒಂದು ನಂಬಿಕೆ ಮತ್ತೆ ಮತ್ತೆ ಎದುರಾಗುತ್ತದೆ. ಅದನ್ನು ಮೊದಲು ನ್ಯಾಯವಾಗಿ ಮಂಡಿಸಬೇಕು, ಏಕೆಂದರೆ ಅದರಲ್ಲಿ ತಿರುಳಿಲ್ಲದೆ ಇಲ್ಲ. ಅವರು ಹೇಳುವುದು ಹೀಗೆ: ಮನುಷ್ಯ ವರ್ಷದಲ್ಲಿ ಹೆಚ್ಚು ದಿನ ಎಲ್ಲಿ ಉಣ್ಣುತ್ತಾನೋ ಮಲಗುತ್ತಾನೋ ಅಲ್ಲಿಯವನು. ಎಂಟು ತಿಂಗಳು ಬೆಂಗಳೂರಿನಲ್ಲಿದ್ದು ನಾಲ್ಕು ತಿಂಗಳು ಊರಲ್ಲಿರುವವನು ಬೆಂಗಳೂರಿನವನು. ಅಲ್ಲಿನ ನೀರು, ರಸ್ತೆ, ಆಸ್ಪತ್ರೆ ಅವನಿಗೆ ತಟ್ಟುತ್ತವೆ; ಊರಿನ ಪಂಚಾಯಿತಿಯ ತಪ್ಪು ಒಪ್ಪುಗಳನ್ನು ಅನುಭವಿಸುವವರು ಊರಲ್ಲೇ ಉಳಿದವರು. ಹಕ್ಕು ಇರುವುದು ಇರುವಿಕೆಗೆ, ನೆನಪಿಗಲ್ಲ. ಇಲ್ಲದವರ ಹೆಸರನ್ನು ಪಟ್ಟಿಯಲ್ಲಿ ಉಳಿಸಿಕೊಂಡರೆ ಅವರ ಹೆಸರಲ್ಲಿ ಇನ್ಯಾರೋ ಓಟು ಹಾಕುತ್ತಾರೆ, ರೇಷನ್ ಎತ್ತುತ್ತಾರೆ. ದಿನ ಎಣಿಸುವುದು ಸುಲಭ, ಎಣಿಕೆಗೆ ಜಾತಿಯಿಲ್ಲ, ಮುಖದಾಕ್ಷಿಣ್ಯವಿಲ್ಲ. ಮನಸ್ಸಿನಲ್ಲಿ ವಾಪಸು ಬರುವ ಇರಾದೆ ಇದೆಯೇ ಎಂದು ಅಧಿಕಾರಿ ಕೇಳತೊಡಗಿದರೆ ಅವನಿಗೆ ಬೇಕಾದವರ ಮನಸ್ಸು ಮಾತ್ರ ಕಾಣಿಸುತ್ತದೆ. ಈ ವಾದ ಒರಟಾದರೂ ಪ್ರಾಮಾಣಿಕವಾದದ್ದು. ಇದರ ಎದುರಿಗೆ ಊರಿನವರಲ್ಲಿ ಇನ್ನೊಂದು ನಂಬಿಕೆ ಇದೆ: ಮನೆ ಇದೆ, ಪಹಣಿಯಲ್ಲಿ ಹೆಸರಿದೆ, ಕಾರ್ಡಿದೆ, ಅಂದಮೇಲೆ ನಾವು ಎಲ್ಲಿದ್ದರೂ ಈ ಊರಿನ ಕಾಯಂ ನಿವಾಸಿಗಳೇ. ಎರಡೂ ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ, ಆದರೆ ಎಡವುವುದು ಒಂದೇ ಕಲ್ಲಿಗೆ. ಒಬ್ಬರು ಕ್ಯಾಲೆಂಡರ್ ನೋಡುತ್ತಾರೆ, ಇನ್ನೊಬ್ಬರು ಕಾಗದ ನೋಡುತ್ತಾರೆ. ವಾಸ ಎನ್ನುವುದು ಮನುಷ್ಯನಿಗೂ ಜಾಗಕ್ಕೂ ನಡುವಿನ ಸಂಬಂಧ ಎಂಬುದನ್ನು ಇಬ್ಬರೂ ಬಿಟ್ಟುಬಿಡುತ್ತಾರೆ.

ಗೊಂದಲದ ಮೊದಲ ಎಳೆ 'ನಿವಾಸಿ' ಎಂಬ ಪದದಲ್ಲೇ ಇದೆ. ಒಬ್ಬ ಮನುಷ್ಯನಿಗೆ ಎಲ್ಲ ಕೆಲಸಕ್ಕೂ ಸಲ್ಲುವ ಒಂದೇ ನಿವಾಸ ಇರುತ್ತದೆ ಎಂದುಕೊಂಡಿದ್ದೇವೆ. ಕಾನೂನು ಹಾಗೆ ಎಲ್ಲೂ ಹೇಳುವುದಿಲ್ಲ. ಆದಾಯ ತೆರಿಗೆಗೆ ನಿವಾಸಿ ಎಂದರೆ ಮುಖ್ಯವಾಗಿ ದಿನಗಳ ಎಣಿಕೆ. 182 ದಿನ ದೇಶದಲ್ಲಿದ್ದವರು ಆ ವರ್ಷಕ್ಕೆ ನಿವಾಸಿ. ಆದಾಯ ದಿನಗಳಲ್ಲಿ ಹುಟ್ಟುವ ವಸ್ತುವಾದ್ದರಿಂದ ಅಲ್ಲಿ ಎಣಿಕೆ ಸರಿ. ಶಾಶ್ವತ ನೆಲೆ ಎಂಬರ್ಥದಲ್ಲಿ ಕಾನೂನು ಬಳಸುವ ಡೊಮಿಸೈಲ್ ಎಂಬ ಮಾತು ಇಡೀ ದೇಶಕ್ಕೆ ಒಂದೇ, ಕರ್ನಾಟಕದ ಡೊಮಿಸೈಲ್ ಎಂಬುದೊಂದು ಬೇರೆ ಇಲ್ಲ ಎಂದು ಸುಪ್ರೀಂ ಕೋರ್ಟು 1984ರ ಪ್ರದೀಪ್ ಜೈನ್ ಪ್ರಕರಣದಲ್ಲಿ ಬಿಡಿಸಿ ಹೇಳಿತು. ಜಾಬ್ ಕಾರ್ಡಿನ ಲೆಕ್ಕ ಇನ್ನೊಂದು ಬಗೆಯದು: 2005ರ ಉದ್ಯೋಗ ಖಾತರಿ ಕಾಯ್ದೆಯ ಮಾರ್ಗಸೂಚಿ 'ಸ್ಥಳೀಯರು' ಎಂದರೆ ಪಂಚಾಯಿತಿಯಲ್ಲಿ ವಾಸಿಸುವವರು ಎಂದು ಹೇಳಿ, ಕೆಲವು ಕಾಲದ ಹಿಂದೆ ವಲಸೆ ಹೋಗಿದ್ದರೂ ವಾಪಸು ಬರಬಹುದಾದವರು ಅದರಲ್ಲಿ ಸೇರುತ್ತಾರೆ ಎಂದು ಬರೆದಿತ್ತು. ಒಂದೇ ಸಂಸಾರದ ಬಗ್ಗೆ ಒಂದೇ ದಿನ ಈ ಮೂರೂ ಪ್ರಶ್ನೆ ಕೇಳಿದರೆ ಮೂರು ಉತ್ತರ ಬರಬಹುದು, ಮೂರೂ ಸರಿಯಿರಬಹುದು. ಪ್ರಶ್ನೆಯನ್ನು ಯಾವ ಕೆಲಸಕ್ಕಾಗಿ ಕೇಳುತ್ತಿದ್ದೇವೆ ಎಂಬುದನ್ನು ಬಿಟ್ಟು ಉತ್ತರ ಹುಡುಕಲಾಗದು. ಹೀಗಾಗಿ "ಬೆಂಗಳೂರಿನಲ್ಲಿ ರೇಷನ್ ಎತ್ತಿದ್ದಾನೆ, ಅಂದಮೇಲೆ ಇಲ್ಲಿಯ ಮತದಾರನಲ್ಲ" ಎನ್ನುವುದು ತರ್ಕವಲ್ಲ. ಒಂದು ದೇಶ ಒಂದು ಪಡಿತರ ಚೀಟಿ ಎಂಬ ವ್ಯವಸ್ಥೆ 2019ರಲ್ಲಿ ಶುರುವಾದದ್ದೇ ಊರಿನ ಕಾರ್ಡನ್ನು ಊರಲ್ಲೇ ಉಳಿಸಿಕೊಂಡು ಹೋದಲ್ಲಿ ಅಕ್ಕಿ ಪಡೆಯಲಿ ಎಂದು. ಬೇರೆಡೆ ಅಕ್ಕಿ ತೆಗೆದುಕೊಂಡದ್ದನ್ನೇ ಊರು ಬಿಟ್ಟದ್ದಕ್ಕೆ ಸಾಕ್ಷಿ ಮಾಡಿದರೆ ಆ ವ್ಯವಸ್ಥೆಯ ಉದ್ದೇಶವನ್ನೇ ತಲೆಕೆಳಗು ಮಾಡಿದಂತೆ.

ಓಟಿನ ಪ್ರಶ್ನೆಗೆ ಬರೋಣ, ಅತಿ ಹೆಚ್ಚು ಗೊಂದಲ ಇರುವುದು ಅಲ್ಲೇ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 19ನೇ ಕಲಂ ಮತದಾರನಾಗಲು ಆ ಕ್ಷೇತ್ರದಲ್ಲಿ 'ಸಾಮಾನ್ಯವಾಗಿ ವಾಸಿಸುವವ'ನಾಗಿರಬೇಕು ಎನ್ನುತ್ತದೆ. ಹಾಗೆಂದರೇನು ಎಂದು 20ನೇ ಕಲಂ ಹೇಳುತ್ತದೆ. ಅದರ ಮೊದಲ ಮಾತು ಊರಿನವರ ನಂಬಿಕೆಗೆ ಪೆಟ್ಟು: ಒಂದು ಕ್ಷೇತ್ರದಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಅಲ್ಲಿನ ಸಾಮಾನ್ಯ ನಿವಾಸಿಯಾಗುವುದಿಲ್ಲ. ಎರಡನೆಯ ಮಾತು ವಿದ್ಯಾವಂತರ ನಂಬಿಕೆಗೆ ಪೆಟ್ಟು: ತನ್ನ ಸಾಮಾನ್ಯ ವಾಸಸ್ಥಳದಿಂದ ತಾತ್ಕಾಲಿಕವಾಗಿ ದೂರವಿದ್ದಾನೆ ಎಂಬ ಕಾರಣಕ್ಕೆ ಯಾರೂ ಅಲ್ಲಿನ ನಿವಾಸಿಯಾಗಿರುವುದು ತಪ್ಪುವುದಿಲ್ಲ. ಎಷ್ಟು ದಿನ ಎಂಬ ಸಂಖ್ಯೆ ಈ ಕಲಮಿನಲ್ಲಿ ಎಲ್ಲೂ ಇಲ್ಲ. ಸಂದೇಹ ಬಂದರೆ ಆ ಪ್ರಕರಣದ ಎಲ್ಲ ಸಂಗತಿಗಳನ್ನೂ ನೋಡಿ ತೀರ್ಮಾನಿಸಬೇಕು ಎಂದು ಮುಂದೆ ಅದೇ ಕಲಂ ಹೇಳುತ್ತದೆ. ಶಾಸನ ಮಾಡಿದವರಿಗೆ ಆರು ತಿಂಗಳು ಎಂದು ಬರೆಯಲು ಬರುತ್ತಿರಲಿಲ್ಲ ಎಂದು ನಾನು ನಂಬಲಾರೆ. ತೆರಿಗೆಗೆ ಬರೆದರು, ಇಲ್ಲಿ ಬರೆಯಲಿಲ್ಲ. ಅದು ಮರೆವಲ್ಲ, ತಿಳಿದೇ ಮಾಡಿದ್ದು ಎಂದು ಓದಬೇಕು.

ಇನ್ನೂ ಒಂದು ಮಾತು ಇದೇ ಕಲಮಿನ ಒಳಗಿದೆ, ಅದನ್ನು ಓದಿದಾಗ ನನಗೆ ನೋವಾಗುತ್ತದೆ. ಶಾಸಕರು, ಸಂಸತ್ ಸದಸ್ಯರು ತಮ್ಮ ಕರ್ತವ್ಯದ ಮೇಲೆ ಕ್ಷೇತ್ರದಿಂದ ದೂರವಿದ್ದರೆ ಆ ಅವಧಿಯಲ್ಲಿ ಅವರ ನಿವಾಸ ಕಳೆಯುವುದಿಲ್ಲ ಎಂದು ಹೆಸರಿಟ್ಟು ರಕ್ಷಣೆ ಕೊಡಲಾಗಿದೆ. ಗಡಿಯಲ್ಲಿರುವ ಸೈನಿಕ, ಆ ಸೇವೆಯಲ್ಲಿ ಇಲ್ಲದಿದ್ದರೆ ಎಲ್ಲಿ ವಾಸಿಸುತ್ತಿದ್ದನೋ ಅಲ್ಲಿಯ ನಿವಾಸಿ ಎಂದು ಕಾನೂನೇ ಭಾವಿಸಿಕೊಳ್ಳುತ್ತದೆ. 2010ರಲ್ಲಿ ಸೇರಿಸಿದ 20ಎ ಕಲಂ ವಿದೇಶದಲ್ಲಿರುವ ಭಾರತೀಯ ನಾಗರಿಕರಿಗೆ, ಬೇರೆ ದೇಶದ ಪೌರತ್ವ ಪಡೆಯದಿದ್ದರೆ, ಪಾಸ್‌ಪೋರ್ಟಿನಲ್ಲಿರುವ ಊರಿನಲ್ಲೇ ಮತದಾರರಾಗುವ ಹಕ್ಕು ಕೊಟ್ಟಿತು. ಅವರು ಉದ್ಯೋಗ, ಓದು ಅಥವಾ ಬೇರೆ ಕಾರಣಕ್ಕೆ ದೂರ ಇರಬಹುದು, ತಾತ್ಕಾಲಿಕವಾಗಿಯೋ ಅಲ್ಲವೋ ಎಂಬುದು ಮುಖ್ಯವಲ್ಲ ಎಂದೇ ಅಲ್ಲಿ ಸ್ಪಷ್ಟವಾಗಿದೆ. ಅಂದರೆ ಚಳ್ಳಕೆರೆಯಲ್ಲಿ ಹುಟ್ಟಿ ಇಪ್ಪತ್ತು ವರ್ಷದಿಂದ ಟೆಕ್ಸಾಸಿನಲ್ಲಿರುವ ಎಂಜಿನಿಯರ್ ಭಾರತದ ಪೌರತ್ವ ಬಿಡದಿದ್ದರೆ, ಪಾಸ್‌ಪೋರ್ಟಿನಲ್ಲಿ ಊರಿನ ವಿಳಾಸವಿದ್ದರೆ, ಚಳ್ಳಕೆರೆಯ ಮತಗಟ್ಟೆಗೆ ಬಂದು ಓಟು ಹಾಕಬಹುದು. ಆ ಹಕ್ಕನ್ನು ನಾನು ಅವರಿಂದ ಕಿತ್ತುಕೊಳ್ಳಬೇಕೆನ್ನುವುದಿಲ್ಲ. ಆದರೆ ಅದೇ ಬೀದಿಯ ಗಾರೆ ಕೆಲಸದವನು ಇನ್ನೂರು ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ಏಳು ತಿಂಗಳು ಇದ್ದದ್ದಕ್ಕೆ 'ಸ್ಥಳಾಂತರ' ಎಂದು ಬರೆಸಿಕೊಂಡರೆ, ದೂರ ಹೆಚ್ಚಿದಷ್ಟೂ ಹಕ್ಕು ಗಟ್ಟಿ, ಬಡತನ ಹೆಚ್ಚಿದಷ್ಟೂ ಹಕ್ಕು ಸಡಿಲ ಎಂಬ ವಿಚಿತ್ರ ಸೂತ್ರವಾಗುತ್ತದೆ. ಕಾಯ್ದೆ ಈ ಸೂತ್ರವನ್ನು ಹೇಳುವುದಿಲ್ಲ. ಗಾರೆ ಕೆಲಸದವನಿಗೂ ತಾತ್ಕಾಲಿಕ ಗೈರಿನ ರಕ್ಷಣೆ ಇದೆ. ಅವನ ಹೆಸರು ಹೇಳಿ ಕೊಟ್ಟಿಲ್ಲ, ಎಲ್ಲರಿಗೂ ಸೇರಿಸಿ ಕೊಟ್ಟಿದೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ತಾತ್ಕಾಲಿಕ ಎಂದರೇನು? ಇಲ್ಲಿ ವಿದೇಶಗಳ ಅನುಭವ ನೋಡುವುದು ಒಳ್ಳೆಯದು, ಏಕೆಂದರೆ ಇದೇ ಪ್ರಶ್ನೆ ಅಲ್ಲಿ ಬಹಳ ಪಳಗಿದೆ. ಅಮೆರಿಕದ ಗ್ರೀನ್ ಕಾರ್ಡ್ ಪಡೆದ ಕನ್ನಡಿಗರ ಮನೆಗಳಲ್ಲಿ, ತಂದೆ ತಾಯಿಯ ಆರೈಕೆಗೆಂದು ಊರಿಗೆ ಬಂದು ಉಳಿದವರಲ್ಲಿ, ಒಂದು ನಂಬಿಕೆ ಗಟ್ಟಿಯಾಗಿದೆ: ಆರು ತಿಂಗಳಿಗೊಮ್ಮೆ ಹೋಗಿ ಮುಖ ತೋರಿಸಿ ಬಂದರೆ ಕಾರ್ಡ್ ಉಳಿಯುತ್ತದೆ. ಅದು ಅರ್ಧ ಸತ್ಯ. 180 ದಿನ ಮೀರಿದರೆ ಗಡಿಯಲ್ಲಿ ಹೊಸದಾಗಿ ಪ್ರವೇಶ ಕೇಳುವವರಂತೆ ನೋಡಬಹುದು. ಒಂದು ವರ್ಷ ಮೀರಿದರೆ ಬರೀ ಕಾರ್ಡ್ ತೋರಿಸಿ ಮರಳಲಾಗದು, ಹೊರಡುವ ಮೊದಲೇ ಮರುಪ್ರವೇಶ ಪರವಾನಗಿಗೆ ಅರ್ಜಿ ಹಾಕಿರಬೇಕು, ಅದರ ಅವಧಿ ಹೆಚ್ಚೆಂದರೆ ಎರಡು ವರ್ಷ. ಆದರೆ ಈ ಸಂಖ್ಯೆಗಳು ಸ್ಥಾನವನ್ನು ಉಳಿಸುವುದೂ ಇಲ್ಲ, ಅಳಿಸುವುದೂ ಇಲ್ಲ. ಅಲ್ಲಿ ನಿಜವಾದ ಪ್ರಶ್ನೆ, ಹೋದದ್ದು ತಾತ್ಕಾಲಿಕ ಭೇಟಿಗೋ ಅಲ್ಲವೋ ಎಂಬುದು. ಅದನ್ನು ಮನೆ ಎಲ್ಲಿದೆ, ಕೆಲಸ ಎಲ್ಲಿದೆ, ತೆರಿಗೆಯನ್ನು ನಿವಾಸಿಯಾಗಿ ಕಟ್ಟುತ್ತಿದ್ದಾರೆಯೇ, ಕುಟುಂಬ ಎಲ್ಲಿದೆ, ಹೋದ ಕೆಲಸಕ್ಕೆ ಒಂದು ಮುಕ್ತಾಯ ಕಾಣುತ್ತಿತ್ತೇ ಎಂಬ ಸಂಗತಿಗಳಿಂದ ಓದುತ್ತಾರೆ. ಆರು ತಿಂಗಳಿಗೊಮ್ಮೆ ವಾರದ ಮಟ್ಟಿಗೆ ಹೋಗಿಬಂದವರೂ ಸ್ಥಾನ ಕಳೆದುಕೊಳ್ಳಬಹುದು, ಒಂದು ವರ್ಷ ರೋಗಿಯ ಹಾಸಿಗೆಯ ಪಕ್ಕ ಕೂತವರೂ ಉಳಿಸಿಕೊಳ್ಳಬಹುದು. ನನಗೆ ಮುಖ್ಯವೆನಿಸುವುದು ಇನ್ನೊಂದು ಅಂಶ: ಮರಳಿ ಬಂದ ನಿವಾಸಿ ತಾನು ಎಂದು ಹೇಳಲು ಮೇಲ್ನೋಟದ ಆಧಾರವಿದ್ದವರ ವಿಷಯದಲ್ಲಿ, ಸ್ಥಾನ ಬಿಟ್ಟಿದ್ದಾರೆ ಎಂದು ಸಾಬೀತು ಮಾಡುವ ಹೊಣೆ ಸರ್ಕಾರದ ಮೇಲೆ ಬೀಳುತ್ತದೆ. ಕೆನಡಾ ಇನ್ನೊಂದು ದಾರಿ ಹಿಡಿದಿದೆ: ಐದು ವರ್ಷದಲ್ಲಿ 730 ದಿನ ಅಲ್ಲಿರಬೇಕು, ಮುಗಿಯಿತು. ಆದರೆ ಎಣಿಕೆಯ ಆ ದೇಶವೂ ಕೆನಡಾದ ಸಂಸ್ಥೆಯ ಕೆಲಸದ ಮೇಲೆ ಹೊರಗಿದ್ದ ದಿನಗಳನ್ನು, ಪೌರರಾದ ಗಂಡನ ಅಥವಾ ಹೆಂಡತಿಯ ಜೊತೆ ಹೊರಗಿದ್ದ ದಿನಗಳನ್ನು ಒಳಗಿದ್ದಂತೆಯೇ ಎಣಿಸುತ್ತದೆ. ದಿನದ ಲೆಕ್ಕ ತನ್ನ ಕಾಲಮೇಲೆ ತಾನು ನಿಲ್ಲಲಾರದೆ ಸಂಬಂಧದ ಊರುಗೋಲು ಹಿಡಿದಿದೆ.

ಚಳ್ಳಕೆರೆ ಸೀಮೆಗೆ ಈ ಎರಡು ದಾರಿಗಳಲ್ಲಿ ಯಾವುದು ಒಗ್ಗುತ್ತದೆ? ಇಲ್ಲಿ ಹೊರಗಿರುವ ದಿನಗಳನ್ನು ನಿರ್ಧರಿಸುವುದು ಮನುಷ್ಯನಲ್ಲ, ಮಳೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಇವು ಇವೆ. ಬೆಳೆ ಒಂದೇ, ಅದೂ ಮಳೆಯಾಶ್ರಯದ ಶೇಂಗಾ. ಒಂದು ಕಾಲದಲ್ಲಿ ಚಳ್ಳಕೆರೆಗೆ ಎಣ್ಣೆ ನಗರಿ ಎಂಬ ಹೆಸರು ತಂದದ್ದೂ ಅದೇ. ಒಳ್ಳೆಯ ವರ್ಷ ಸಂಸಾರ ನಾಲ್ಕು ತಿಂಗಳು ಹೊರಗಿರುತ್ತದೆ, ಬರ ಬಿದ್ದ ವರ್ಷ ಹತ್ತು ತಿಂಗಳು. ಆರು ತಿಂಗಳ ಗೆರೆ ಎಳೆದರೆ, ಒಂದೇ ಮನೆ, ಒಂದೇ ಹೊಲ, ಒಂದೇ ಜನ ಮಳೆ ಬಂದ ವರ್ಷ ನಿವಾಸಿ, ಮಳೆ ಬಾರದ ವರ್ಷ ಪರಸ್ಥಳದವರು ಎಂದಾಗುತ್ತದೆ. ಬರಪೀಡಿತ ಎಂದು ಸರ್ಕಾರ ಘೋಷಿಸಿದ ತಾಲ್ಲೂಕಿನಲ್ಲಿ ಬರದಿಂದ ಪೀಡಿತರಾದವರೇ ಆ ತಾಲ್ಲೂಕಿನವರಲ್ಲ ಎಂಬ ತೀರ್ಮಾನಕ್ಕೆ ಯಾವ ನಿಯಮ ಕರೆದೊಯ್ಯುತ್ತದೋ ಅದರಲ್ಲಿ ಏನೋ ಕೆಟ್ಟಿದೆ. ಈ ನೆಲದ ಹಳೆಯ ಬದುಕೂ ಒಂದೆಡೆ ಕೂತದ್ದಲ್ಲ. ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳು ಹುಲ್ಲು ನೀರು ಇದ್ದ ಕಡೆ ನಡೆಯುತ್ತಾರೆ, ಕುರಿ ಮಂದೆಯವರು ತಿಂಗಳುಗಟ್ಟಲೆ ಹೊಲದಿಂದ ಹೊಲಕ್ಕೆ ಹೋಗುತ್ತಾರೆ. ಅವರಿಗೆ ಹಟ್ಟಿ ಇದೆ, ಗುಡಿ ಇದೆ, ಮರಳುವ ತಿಥಿ ಇದೆ. ಅಮೃತಮಹಲ್ ಕಾವಲಿನ ಸಾವಿರಾರು ಎಕರೆಯನ್ನು ಕುದಾಪುರ, ದೊಡ್ಡ ಉಳ್ಳಾರ್ತಿಗಳಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಟ್ಟಾಗಲೂ ಇದೇ ಸಮಸ್ಯೆ ಬೇರೆ ರೂಪದಲ್ಲಿ ಬಂದಿತ್ತು: ದನ ಕುರಿ ಮೇಯಿಸಿ ಹೋಗುವವರು ಕಾಗದದಲ್ಲಿ ಎಲ್ಲೂ ಇರಲಿಲ್ಲ. ಇದ್ದೂ ಇಲ್ಲದವರಾಗುವುದು ಈ ಸೀಮೆಗೆ ಹೊಸದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ಅದರಲ್ಲಿ ಬರುವ 256 ಎಂಬ ಸಂಖ್ಯೆಯನ್ನು ಅರಸ ಪಯಣದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಓದುವ ವಿದ್ವಾಂಸರಿದ್ದಾರೆ. ಆ ಓದು ಸರಿಯಾದರೆ, ವರ್ಷದ ಮುಕ್ಕಾಲು ಪಾಲಿನಷ್ಟು ರಾತ್ರಿ ಹೊರಗಿದ್ದವನನ್ನು ಪಾಟಲಿಪುತ್ರದವನಲ್ಲ ಎಂದು ಯಾರೂ ಅಂದಿರಲಾರರು.

ಸಂಬಂಧವನ್ನು ಅಳತೆಗೋಲು ಮಾಡುತ್ತೇನೆ ಎಂದಾಗ ಯಾವ ಸಂಬಂಧ ಎಂಬುದನ್ನು ಬಿಗಿಯಾಗಿ ಹೇಳಬೇಕು, ಇಲ್ಲವಾದರೆ ಅದು ಭಾವುಕತೆಗೆ ಜಾರುತ್ತದೆ. ಊರಿನ ಮೇಲಿನ ಪ್ರೀತಿ ವಾಸವಲ್ಲ. ಕಾದಂಬರಿಕಾರ ತ.ರಾ.ಸು. ಅವರ ಹೆಸರಿನ ಮೊದಲ ಅಕ್ಷರ ಚಳ್ಳಕೆರೆ ತಾಲ್ಲೂಕಿನ ತಳುಕು. ಅವರು ಹುಟ್ಟಿದ್ದು ಮಲೆಬೆನ್ನೂರಿನಲ್ಲಿ. ಆ ಅಕ್ಷರ ಸಾಹಿತ್ಯಕ್ಕೂ ಆ ಊರಿಗೂ ಹೆಮ್ಮೆ, ಆದರೆ ಅದರ ಬಲದ ಮೇಲೆ ತಳುಕಿನ ಮತದಾರರ ಪಟ್ಟಿಯಲ್ಲಿ ಹೆಸರು ಕೇಳಲಾಗುವುದಿಲ್ಲ, ಕೇಳಬಾರದು. ಹಾಗೆಯೇ ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ತಪ್ಪದೆ ಬರುವುದು ಭಕ್ತಿ, ನಿವಾಸಕ್ಕೆ ಸಾಕ್ಷಿಯಲ್ಲ. ನಾನು ಹೇಳುವ ಸಂಬಂಧ ಇಷ್ಟು: ಹೊರಗಿನ ದುಡಿಮೆ ಊರಿನ ಬದುಕನ್ನು ನಡೆಸಲಿಕ್ಕೆಂದೇ ನಡೆಯುತ್ತಿದೆಯೇ? ಹೊಲ ಬಿತ್ತಲು ಬರುತ್ತಾರೆಯೇ? ಕೂಲಿಯ ಹಣ ಊರಿನ ಸಾಲಕ್ಕೆ, ಊರಿನ ಮನೆಗೆ ಹೋಗುತ್ತಿದೆಯೇ? ಮಕ್ಕಳ ಶಾಲೆ, ಮುದುಕರ ಔಷಧಿ, ಸ್ತ್ರೀಶಕ್ತಿ ಸಂಘದ ಕಂತು ಇಲ್ಲಿವೆಯೇ? ಹೊರಗಿನ ಕೆಲಸ ತನ್ನಷ್ಟಕ್ಕೆ ಮುಗಿಯುವಂಥದ್ದೇ, ಅಂದರೆ ಕಟ್ಟಡ ಏಳುವವರೆಗೆ, ಕಾಫಿ ಕುಯ್ಲು ಮುಗಿಯುವವರೆಗೆ? ಇವು ಮನಸ್ಸಿನೊಳಗಿನ ಇರಾದೆಯಲ್ಲ, ಬೀದಿಯಲ್ಲಿ ಕಾಣುವ ಸಂಗತಿಗಳು. ಹೌದು ಎಂದಾದರೆ ಗೈರು ತಾತ್ಕಾಲಿಕ, ಅದು ನಾಲ್ಕು ತಿಂಗಳಿರಲಿ ಹತ್ತಿರಲಿ. ಇಲ್ಲಿ ಒಂದು ಎಚ್ಚರಿಕೆ ಸೇರಿಸಲೇಬೇಕು. ಪಹಣಿ, ಮನೆಯ ಖಾತೆ ಕೇಳುವುದು ಅಧಿಕಾರಿಗೆ ಸುಲಭವಾದ್ದರಿಂದ ಪುರಾವೆ ಎಂದರೆ ಆಸ್ತಿ ಎಂದಾಗಿಬಿಡುತ್ತದೆ. ಭೂಮಿಯಿಲ್ಲದ ದಲಿತ ಕುಟುಂಬ, ಯಾವ ಖಾತೆಯಲ್ಲೂ ಹೆಸರಿಲ್ಲದ ಹೆಂಗಸು, ಇವರೇ ಹೆಚ್ಚು ಗುಳೆ ಹೋಗುವವರು. ಮನೆಯಿದ್ದ ಮಾತ್ರಕ್ಕೆ ನಿವಾಸಿಯಲ್ಲ ಎಂದು ಹೇಳುವ ಕಾನೂನಿನ ಅಡಿಯಲ್ಲಿ, ಮನೆಯಿಲ್ಲದ ಮಾತ್ರಕ್ಕೆ ನಿವಾಸಿಯಲ್ಲ ಎಂದು ಹೇಳಲೂ ಬರುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದುವಲ್ಲ.

1. ಖೋಟಾ ಓಟು. ಇಲ್ಲದವರ ಹೆಸರು ಕಳ್ಳರಿಗೆ ಅವಕಾಶ ಎನ್ನುವುದು ನಿಜ. ಆದರೆ ಒಬ್ಬನ ಹೆಸರು ಎರಡು ಕ್ಷೇತ್ರದಲ್ಲಿರಬಾರದು ಎಂದು ಅದೇ 1950ರ ಕಾಯ್ದೆಯ 17ನೇ ಕಲಂ, ಒಂದೇ ಕ್ಷೇತ್ರದಲ್ಲಿ ಎರಡು ಸಲ ಇರಬಾರದು ಎಂದು 18ನೇ ಕಲಂ ಈಗಾಗಲೇ ಹೇಳಿವೆ. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆ ಎಂದು 31ನೇ ಕಲಂ ಹೇಳುತ್ತದೆ. ಎರಡು ಕಡೆ ಇರುವ ಹೆಸರಲ್ಲಿ ಒಂದನ್ನು ತೆಗೆಯುವುದು ಶುದ್ಧೀಕರಣ. ಒಂದೇ ಕಡೆ ಇರುವ ಹೆಸರನ್ನು ತೆಗೆಯುವುದು ಒಬ್ಬ ನಾಗರಿಕನನ್ನು ದೇಶದ ಯಾವ ಪಟ್ಟಿಯಲ್ಲೂ ಇಲ್ಲದಂತೆ ಮಾಡುವುದು. ಬೀಗ ಹಾಕಿದ ಮನೆಯ ಮುಂದೆ ನಿಂತು ಇವೆರಡರ ವ್ಯತ್ಯಾಸ ತಿಳಿಯಲಾಗದು.

2. ಉಳಿದವರ ಹಕ್ಕು. ಊರನ್ನು ಆಳುವುದು ಊರಲ್ಲಿರುವವರ ಕೆಲಸ, ವರ್ಷಕ್ಕೊಮ್ಮೆ ಬಸ್ಸಿಳಿದು ಓಟು ಹಾಕಿ ಹೋಗುವವರದಲ್ಲ ಎನ್ನುವ ಈ ಆಕ್ಷೇಪವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಪಂಚಾಯಿತಿ ಚುನಾವಣೆಯಲ್ಲಿ ಅಭ್ಯರ್ಥಿಗಳೇ ವಾಹನ ಮಾಡಿ ಬೆಂಗಳೂರಿನಿಂದ ಜನರನ್ನು ಕರೆತರುವುದು ಎಲ್ಲರೂ ಕಂಡದ್ದೇ; ಸಾಗಣೆಗೆ ಹಣ ಇದ್ದವರ ಕಡೆ ಫಲಿತಾಂಶ ವಾಲುತ್ತದೆ. ಆದರೂ ಕೆರೆಯ ಹೂಳು, ಕೊಳವೆಬಾವಿ, ಗೋಮಾಳ, ಕೂಲಿ ಕಾಮಗಾರಿ, ಇವುಗಳ ಬಗ್ಗೆ ಪಂಚಾಯಿತಿ ಮಾಡುವ ತೀರ್ಮಾನ ಯಾರನ್ನು ಹೆಚ್ಚು ತಟ್ಟುತ್ತದೆ? ಕೆರೆ ತುಂಬಿದ್ದರೆ, ಊರಲ್ಲೇ ಕೂಲಿ ಸಿಕ್ಕಿದ್ದರೆ ಊರು ಬಿಡುತ್ತಿರಲಿಲ್ಲ ಎನ್ನುವವರನ್ನೇ. ಆ ಊರಿನ ಸೋಲನ್ನು ಮೈಮೇಲೆ ಹೊತ್ತವರು ಅವರು. ಅವರನ್ನು ಪಟ್ಟಿಯಿಂದ ತೆಗೆದರೆ, ಕೆಲಸವಿಲ್ಲದೆ ಜನ ಹೊರಟ ಊರಿನಲ್ಲಿ ಕೆಲಸ ಕೇಳುವ ಮತದಾರರೇ ಉಳಿಯುವುದಿಲ್ಲ. ವಾಹನದ ಹಣದ ಸಮಸ್ಯೆಗೆ ಮದ್ದು ದೂರದಿಂದ ಮತ ಹಾಕುವ ವ್ಯವಸ್ಥೆ. 2019ರ ಲೋಕಸಭಾ ಚುನಾವಣೆಯಲ್ಲಿ ಮತದಾನ ಶೇ. 67.4, ಅಂದರೆ 30 ಕೋಟಿ ಮತದಾರರು ಬರಲಿಲ್ಲ. ವಲಸೆ ಅದಕ್ಕೆ ಒಂದು ಕಾರಣ ಎಂದು ಚುನಾವಣಾ ಆಯೋಗವೇ ಹೇಳಿ, 72 ಕ್ಷೇತ್ರಗಳ ಮತವನ್ನು ಒಂದೇ ಯಂತ್ರದಲ್ಲಿ ಹಾಕಬಹುದಾದ ಮಾದರಿಯನ್ನು 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತ್ತು. ಪಕ್ಷಗಳು ಒಪ್ಪಲಿಲ್ಲ. ಅವುಗಳ ಅನುಮಾನಗಳಲ್ಲಿ ಕೆಲವು ಸರಿಯಾದುವೇ, ಆದರೆ ಮಾತು ಅಲ್ಲಿಗೇ ನಿಂತದ್ದು ಸರಿಯಲ್ಲ.

3. ಬೆಂಗಳೂರಿನಲ್ಲೇ ಹೆಸರು ಸೇರಿಸಿಕೊಳ್ಳಲಿ. ನಿಜವಾಗಿ ನೆಲೆಸಿದವರು ಸೇರಿಸಿಕೊಳ್ಳಬೇಕು, ಇದರಲ್ಲಿ ನನಗೆ ಯಾವ ಹಿಂಜರಿಕೆಯೂ ಇಲ್ಲ. ಹೊಲ ಮಾರಿ, ಮಕ್ಕಳನ್ನು ಅಲ್ಲೇ ಶಾಲೆಗೆ ಹಾಕಿ, ಹತ್ತು ವರ್ಷ ಅಲ್ಲೇ ಬಾಡಿಗೆ ಕಟ್ಟುತ್ತಿರುವ ಸಂಸಾರ ಊರಿನ ಪಟ್ಟಿಗೆ ಅಂಟಿಕೊಂಡಿರುವುದು ಅವರಿಗೂ ನಷ್ಟ. ಅವರ ಬೀದಿಯ ಚರಂಡಿಗೆ ಅವರ ಓಟಿಲ್ಲ. ಆದರೆ ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಮೂರು ತಿಂಗಳು, ಮುಂದಿನ ಕಟ್ಟಡದ ಶೆಡ್ಡಿನಲ್ಲಿ ಎರಡು ತಿಂಗಳು ಇರುವವರಿಗೆ ವಿಳಾಸ ಯಾವುದು? ಅವರಿಗೆ "ಅಲ್ಲಿ ಸೇರಿಸಿಕೊಳ್ಳಿ" ಎನ್ನುವುದು "ಎಲ್ಲೂ ಬೇಡ" ಎಂದಂತೆಯೇ. ಹಾಸ್ಟೆಲಿನಲ್ಲಿ ಓದುವ ವಿದ್ಯಾರ್ಥಿ ಅಪ್ಪ ಅಮ್ಮನ ಊರಲ್ಲೋ ಹಾಸ್ಟೆಲಿನ ವಿಳಾಸದಲ್ಲೋ ಹೆಸರು ಸೇರಿಸಿಕೊಳ್ಳಬಹುದು ಎಂದು ಆಯೋಗ ಆಯ್ಕೆ ಕೊಟ್ಟಿದೆ. ಅದೇ ವಯಸ್ಸಿನ ಕೂಲಿಯವನಿಗೆ ಆ ಆಯ್ಕೆಯನ್ನು ಏಕೆ ಸ್ಪಷ್ಟವಾಗಿ ಬರೆದು ಕೊಡಬಾರದು?

ಈ ಆಕ್ಷೇಪಗಳೆಲ್ಲ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತವೆ: ಸಂದೇಹವಿದ್ದಾಗ ಹೊಣೆ ಯಾರ ಮೇಲೆ? ಅದೇ ಕಾಯ್ದೆಯ 22ನೇ ಕಲಮಿನ ಪ್ರಕಾರ, ಒಬ್ಬರು ಅಲ್ಲಿ ವಾಸಿಸುವುದನ್ನು ಬಿಟ್ಟಿದ್ದಾರೆ ಎಂದು ಹೆಸರು ತೆಗೆಯುವ ಮೊದಲು ಅವರ ಮಾತು ಕೇಳಲು ತಕ್ಕ ಅವಕಾಶ ಕೊಡಬೇಕು. ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1995ರಲ್ಲಿ, ಪಟ್ಟಿಯಲ್ಲಿ ಈಗಾಗಲೇ ಇರುವ ಹೆಸರು ಸರಿಯಾಗಿಯೇ ಸೇರಿದ್ದೆಂದು ಭಾವಿಸಿ ಮುಂದುವರಿಯಬೇಕು ಎಂಬ ನಿಲುವು ತಳೆಯಿತು. ಬಿಹಾರದ ವಿಷಯದಲ್ಲಿ 2025ರ ಆಗಸ್ಟಿನಲ್ಲಿ, ಬಿಟ್ಟುಹೋದ 65 ಲಕ್ಷ ಹೆಸರುಗಳನ್ನು ಕಾರಣ ಸಮೇತ ಪ್ರಕಟಿಸಿ ಎಂದು ಅದೇ ಕೋರ್ಟು ಹೇಳಬೇಕಾಯಿತು. ಗೋಡೆಗೆ ಅಂಟಿಸಿದ ನೋಟೀಸು ಬೀಗ ಹಾಕಿದ ಮನೆಯವರಿಗೆ ಕೊಟ್ಟ ಅವಕಾಶವಲ್ಲ. ಅಮೆರಿಕ ಪರದೇಶದಿಂದ ಬಂದು ನೆಲೆಸಿದವರ ವಿಷಯದಲ್ಲಿ ಹೊಣೆಯನ್ನು ತಾನು ಹೊರುವಾಗ, ತನ್ನದೇ ನೆಲದಲ್ಲಿ ಹುಟ್ಟಿದವರ ವಿಷಯದಲ್ಲಿ ನಮ್ಮ ವ್ಯವಸ್ಥೆ ಅದಕ್ಕಿಂತ ಕಡಿಮೆ ಮಾಡಲಾಗದು.

ಇಲ್ಲಿ ಈ ಪ್ರಶ್ನೆ ಇನ್ನಷ್ಟು ಚೂಪಾಗುವುದು ರಾಜ್ಯದ ಗಡಿಯಿಂದ. ಮೊಳಕಾಲ್ಮುರಿನಿಂದ ಆಂಧ್ರದ ರಾಯದುರ್ಗ ಕೂಗಳತೆಯ ದಾರಿ. ಹೆಣ್ಣು ಕೊಟ್ಟು ತರುವುದು, ಸಂತೆ, ಕೂಲಿ ಎಲ್ಲವೂ ಗಡಿ ನೋಡದೆ ನಡೆಯುತ್ತವೆ. ಎರಡೂ ಕಡೆ ಇರುವುದು ಹೆಚ್ಚೂಕಡಿಮೆ ಒಂದೇ ಜನ. ಕರ್ನಾಟಕದಲ್ಲಿ ನಾಯಕ ಸಮುದಾಯ 1991ರಿಂದ ಪರಿಶಿಷ್ಟ ಪಂಗಡ. ಚಳ್ಳಕೆರೆ, ಮೊಳಕಾಲ್ಮುರು ಎರಡೂ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಗಡಿಯಾಚೆ ಬೋಯ ಎಂದು ಕರೆಸಿಕೊಳ್ಳುವವರು ಏಜೆನ್ಸಿ ಪ್ರದೇಶಗಳ ಹೊರಗೆ ಹಿಂದುಳಿದ ವರ್ಗ. ಒಂದು ರಾಜ್ಯದ ಪರಿಶಿಷ್ಟ ಸ್ಥಾನ ಇನ್ನೊಂದು ರಾಜ್ಯಕ್ಕೆ ಹೋದಾಗ ಜೊತೆಗೆ ಹೋಗುವುದಿಲ್ಲ ಎಂದು 1990ರ ಮರ್ರಿ ಚಂದ್ರಶೇಖರ ರಾವ್ ತೀರ್ಪು ಹೇಳುತ್ತದೆ. ಹೀಗಿರುವಾಗ ಎರಡು ವರ್ಷ ರಾಯದುರ್ಗದಲ್ಲಿ ದುಡಿದ ಸಂಸಾರಕ್ಕೆ "ನೀವೀಗ ಅಲ್ಲಿಯವರು" ಎಂದರೆ ಅವರು ಕಳೆದುಕೊಳ್ಳುವುದು ಒಂದು ಓಟನ್ನು ಮಾತ್ರವಲ್ಲ, ಮಕ್ಕಳ ಹಾಸ್ಟೆಲು, ವಿದ್ಯಾರ್ಥಿವೇತನ, ನೌಕರಿಯ ದಾರಿ ಎಲ್ಲವನ್ನೂ. ಈ ವಿಷಯದಲ್ಲಿ ಕೇಂದ್ರ ಗೃಹ ಸಚಿವಾಲಯದ 1977ರ ಮಾರ್ಚಿನ ಒಂದು ಪತ್ರ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುತ್ತದೆ. ಪರಿಶಿಷ್ಟರನ್ನು ಹೆಸರಿಸುವ ರಾಷ್ಟ್ರಪತಿಗಳ ಆದೇಶ ಹೊರಟ ಸಮಯದಲ್ಲಿ ಹೊಟ್ಟೆಪಾಡಿಗೋ ಓದಿಗೋ ತನ್ನ ಕಾಯಂ ನೆಲೆಯಿಂದ ತಾತ್ಕಾಲಿಕವಾಗಿ ದೂರವಿದ್ದವರನ್ನೂ ಅವರ ಸ್ವಂತ ರಾಜ್ಯದ ಪಟ್ಟಿಯಂತೆಯೇ ಪರಿಗಣಿಸಬಹುದು ಎಂದು ಅದು ಹೇಳುತ್ತದೆ. ಸುಮಾರು ಐವತ್ತು ವರ್ಷದ ಹಿಂದೆಯೇ ಒಬ್ಬ ಅಧಿಕಾರಿ ಸರ್ಕಾರಿ ಭಾಷೆಯಲ್ಲಿ ಗುಳೆಯನ್ನು ಗುರುತಿಸಿ ಬರೆದಿದ್ದಾರೆ. ಪತ್ರ ನೆಲೆಯನ್ನು ನೋಡಿದೆ, ದಿನ ಎಣಿಸಿಲ್ಲ.

ಮಾಡಬಹುದಾದ ಕೆಲಸ ದೊಡ್ಡದಲ್ಲ. ಮನೆ ಮನೆ ತಪಾಸಣೆಯನ್ನು ಈ ತಾಲ್ಲೂಕುಗಳಲ್ಲಿ ಜನವರಿಯಿಂದ ಮೇ ನಡುವೆ ಇಡಬಾರದು. ಆಗ ಬೀಗಗಳೇ ಸಿಗುತ್ತವೆ. ಬೆಳೆ ನಿಂತಿರುವ ಭಾದ್ರಪದದಲ್ಲಿ, ಗೌರಸಮುದ್ರದ ಮಾರಮ್ಮನ ಜಾತ್ರೆಯ ಆಸುಪಾಸಿನಲ್ಲಿ ಇಟ್ಟರೆ ಜನ ಮನೆಯಲ್ಲೇ ಸಿಗುತ್ತಾರೆ. ಊರು ಬಿಡುವ ಮೊದಲು ಪಂಚಾಯಿತಿಯಲ್ಲಿ ಒಂದು ಮಾತು ಬರೆಸಿ ಹೋಗುವ ರೂಢಿ ಬರಲಿ: ಎಲ್ಲಿಗೆ, ಯಾವ ಕೆಲಸಕ್ಕೆ, ಫೋನ್ ನಂಬರು ಯಾವುದು. ಅದನ್ನು ಅನುಮತಿಯಾಗಿ ಅಲ್ಲ, ಹೋದವರ ಪರವಾದ ಸಾಕ್ಷಿಯಾಗಿ ಇಟ್ಟುಕೊಳ್ಳಬೇಕು. ಬರೆಸದೆ ಹೋದವರ ವಿರುದ್ಧ ಅದನ್ನು ಬಳಸಕೂಡದು. ಮತಗಟ್ಟೆ ಮಟ್ಟದ ಅಧಿಕಾರಿಯ ನಮೂನೆಯಲ್ಲಿ ಈಗ ಗೈರು, ಸ್ಥಳಾಂತರ, ಮರಣ ಎಂಬ ಕಾಲಮುಗಳಿವೆ. ಗೈರಿಗೂ ಸ್ಥಳಾಂತರಕ್ಕೂ ನಡುವೆ ಇನ್ನೊಂದು ಕಾಲಮು ಸೇರಿಸಿ ಅದಕ್ಕೆ 'ಗುಳೆ' ಎಂದೇ ಹೆಸರಿಡಲಿ. ಅದರ ಎದುರಿಗೆ ಮರಳುವ ತಿಂಗಳನ್ನು ಬರೆಯಲು ಒಂದಿಷ್ಟು ಜಾಗ ಬಿಟ್ಟಿರಲಿ. ಆ ತಿಂಗಳು ಯಾವುದೆಂದು ಪಕ್ಕದ ಮನೆಯವರಿಗೆ ಗೊತ್ತಿರುತ್ತದೆ, ಬೀಗದ ಕೈ ಅವರ ಹತ್ತಿರವೇ ಇದೆ.